ನಿರ್ಣಾಯಕರ ತೀರ್ಮಾನವೇ ಅಂತಿಮ

ಶಿಕಾರಿಪುರದಲ್ಲಿ ಗಾಲ್ಫ್ ಮೈದಾನ ಇಲ್ಲ. ಸೊರಬದಲ್ಲೂ ಇಲ್ಲ. ಅದಕ್ಕೆ ಬೇಕಾಗುವ ನೂರಿಪ್ಪತ್ತು, ನೂರೈವತ್ತು ಎಕರೆ ಒಂದೇ ಕಡೆ ಸಿಕ್ಕರೆ ನಾವು ಅಡಿಕೆ ಹಾಕುತ್ತೇವೆ. ಅಡಿಕೆಗೆ ನೀರು ಸಾಲದಿದ್ದರೆ ಮೆಕ್ಕೆಜೋಳ ಹಾಕುತ್ತೇವೆ, ಅದಕ್ಕೂ ಆಗದಿದ್ದರೆ ಸೈಟು ಹಾಕುತ್ತೇವೆ. ಹುಲ್ಲು ಬೆಳೆಸಿ, ಅದನ್ನು ದನಕ್ಕೂ ಹಾಕದೆ ಕತ್ತರಿಸಿ, ಅದರ ಮೇಲೆ ಬಿಳಿ ಚೆಂಡು ಉರುಳಿಸಿ ಖುಷಿಪಡುವ ಧಾರಾಳತನ ನಮ್ಮ ಪಹಣಿಗಳಲ್ಲಿ ಇನ್ನೂ ನಮೂದಾಗಿಲ್ಲ. (ನಮ್ಮ ರಸ್ತೆಗಳಲ್ಲೇ ಹದಿನೆಂಟು ಗುಂಡಿ ಇವೆಯಲ್ಲ ಎಂಬ ಹಾಸ್ಯವನ್ನು ಜಿಲ್ಲೆಯ ಎಲ್ಲ ವಾರಪತ್ರಿಕೆಗಳೂ ಮಾಡಿ ಸವೆಸಿವೆ, ಬಿಡೋಣ.) ಹಾಗಂತ ಈ ಎರಡು ತಾಲೂಕುಗಳಿಂದ ಗಾಲ್ಫಿಗೆ ಏನೂ ಕೊಡಲಾಗದು ಅಂದುಕೊಳ್ಳಬೇಡಿ. ಆ ಆಟಕ್ಕೆ ಲೋಕದ ತುಂಬ ಬೇಕಾಗಿರುವ ಒಂದು ಸರಕು ನಮ್ಮಲ್ಲಿ ಉಂಡು ಉಳಿಯುವಷ್ಟಿದೆ: ಸಂಬಳ ಕೇಳದ ನಿರ್ಣಾಯಕರು.

ಅನುಮಾನವಿದ್ದರೆ ಬಸ್ ಸ್ಟ್ಯಾಂಡ್ ಹತ್ತಿರದ ಯಾವ ಹೋಟೆಲಿಗಾದರೂ ಬೆಳಿಗ್ಗೆ ಹೋಗಿ ಕೂತು ನೋಡಿ. ಒಂದು ಬೈಟು ಕಾಫಿ ಮುಗಿಯುವುದರೊಳಗೆ ನಿನ್ನೆ ರಾತ್ರಿಯ ಎಲ್‌ಬಿಡಬ್ಲ್ಯೂ ತಪ್ಪೆಂದು ಸಾಬೀತಾಗಿರುತ್ತದೆ, ಹೈಕೋರ್ಟಿನ ತೀರ್ಪೊಂದು ರದ್ದಾಗಿರುತ್ತದೆ, ಮುಂದಿನ ಮುಖ್ಯಮಂತ್ರಿ ಪ್ರಮಾಣವಚನ ಸ್ವೀಕರಿಸಿರುತ್ತಾರೆ, ಯಾರದೋ ಮನೆಯ ಅಣ್ಣತಮ್ಮಂದಿರ ಪಾಲಿನಲ್ಲಿ ಬಾವಿ ಯಾರಿಗೆ ಬರಬೇಕಿತ್ತು ಎಂಬುದೂ ಇತ್ಯರ್ಥವಾಗಿರುತ್ತದೆ. ಇವರನ್ನು ಯಾರೂ ನೇಮಿಸಿಲ್ಲ, ಯಾರೂ ಕಾಸು ಕೊಟ್ಟಿಲ್ಲ. ಕಾಫಿ ಬಿಲ್ಲು ಕೂಡ ಮೂರನೆಯವನದು. ಸ್ವಯಂಸೇವೆ ಅಂದರೆ ಇದಲ್ಲದೆ ಇನ್ನೇನು?

2021ರ ಆಗಸ್ಟ್ 7ರ ಶನಿವಾರವನ್ನು ನೆನಪಿಸಿಕೊಳ್ಳಿ. ಟೋಕಿಯೊ ಒಲಿಂಪಿಕ್ಸಿನಲ್ಲಿ ಬೆಂಗಳೂರಿನ ಹುಡುಗಿ ಅದಿತಿ ಅಶೋಕ್ ಪದಕದ ಹತ್ತಿರ ಬಂದಿದ್ದಾಳೆ ಎಂಬ ಸುದ್ದಿಗೆ ಊರೇ ನಸುಕಿನಲ್ಲಿ ಎದ್ದು ಟೀವಿ ಹಚ್ಚಿತು. ಮೊದಲು “ಇದು ಎಂಥ ಆಟ ಮಾರಾಯ, ಬರೀ ನಡೀತಾರೆ” ಅಂದವರು ಸ್ವಲ್ಪ ಹೊತ್ತಿಗೆ “ಬರ್ಡಿ ಅಂದ್ರೇನೋ?” ಎಂದು ಮೊಮ್ಮಗನನ್ನು ಕೇಳಿದರು. ತಿಂಡಿ ಹೊತ್ತಿಗೆ “ಆ ಚೆಂಡು ಎಡಕ್ಕೆ ಹೋಗುತ್ತೆ ಅಂತ ನನಗೆ ಗೊತ್ತೇ ಇತ್ತು” ಎನ್ನುವ ಮಟ್ಟ ಮುಟ್ಟಿದ್ದರು. ವಿಶ್ವ ಶ್ರೇಯಾಂಕದಲ್ಲಿ 200ನೆಯವಳಾಗಿದ್ದ ಆ ಹುಡುಗಿ ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿ ನಾಲ್ಕನೆಯವಳಾದಳು. ಮಧ್ಯಾಹ್ನದ ಹೊತ್ತಿಗೆ ಆಕೆ ಎಲ್ಲೆಲ್ಲಿ ತಪ್ಪಿದಳೆಂಬ ಪಟ್ಟಿ ಶಿರಾಳಕೊಪ್ಪದಿಂದ ಆನವಟ್ಟಿವರೆಗೆ ಸಿದ್ಧವಾಗಿತ್ತು.

ನಮ್ಮ ನಿವೃತ್ತ ಪಿ.ಟಿ. ಮೇಷ್ಟ್ರಿಗೆ ಗಾಲ್ಫ್ ಹುಚ್ಚು ಹತ್ತಿದ್ದು ಅವತ್ತೇ. ಆಡುವ ಹುಚ್ಚಲ್ಲ, ತೀರ್ಪು ಹೇಳುವ ಹುಚ್ಚು. ಸರ್ವಿಸ್ ಪೂರ್ತಿ ತಾಲೂಕು ಮಟ್ಟದ ಕ್ರೀಡಾಕೂಟಗಳಲ್ಲಿ ವಿಸಿಲ್ ಊದಿದವರು. ನಿವೃತ್ತಿಯ ದಿನ ಶಾಲು ಹೊದೆಸಿ ವಿಸಿಲ್ ಕಸಿದುಕೊಂಡ ಮೇಲೆ ಮನೆಯಲ್ಲಿ ಅವರ ಮಾತು ಕೇಳುವವರಿಲ್ಲ.

“ಇದಕ್ಕೆ ರೆಫ್ರಿ ಆಗೋದು ಹೆಂಗ್ರೀ?” ಅಂದರು.

ಹೇಳಿದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಎಂಬ ಊರಿನಲ್ಲಿ ‘ಆರ್ ಅಂಡ್ ಎ’ ಎಂಬ ಸಂಸ್ಥೆ ಇದೆ. ಅದೂ ಅಮೆರಿಕದ ‘ಯುಎಸ್‌ಜಿಎ’ಯೂ ಸೇರಿ 1952ರಿಂದ ಲೋಕಕ್ಕೆಲ್ಲ ಒಂದೇ ನಿಯಮಪುಸ್ತಕ ಬರೆಯುತ್ತಿವೆ. ನಿರ್ಣಾಯಕರಾಗಲು ಹಂತಹಂತವಾಗಿ ಪರೀಕ್ಷೆ ಪಾಸಾಗಬೇಕು. ಮೊದಲನೆಯದನ್ನು ಮನೆಯಲ್ಲೇ ಕೂತು ಮೊಬೈಲಿನಲ್ಲಿ ಬರೆಯಬಹುದು. ಎರಡನೆಯದಕ್ಕೆ ಆಯಾ ದೇಶದ ಸಂಸ್ಥೆ, ನಮಗಾದರೆ ಇಂಡಿಯನ್ ಗಾಲ್ಫ್ ಯೂನಿಯನ್, ಪಾಠ ಮಾಡಿ ಪರೀಕ್ಷೆ ಮಾಡುತ್ತದೆ. ಅದಕ್ಕೂ ಮೇಲೆ ಹೋಗುವವರು ಆರ್ ಅಂಡ್ ಎ ನಡೆಸುವ ಶಿಬಿರಕ್ಕೆ ಹೋಗಬೇಕು. ಕೋಟಿಗಟ್ಟಲೆ ಬಹುಮಾನದ ವೃತ್ತಿಪರ ಟೂರ್ನಿಗಳಲ್ಲಿ ಸಂಬಳದ ನಿರ್ಣಾಯಕರಿರುತ್ತಾರೆ. ಉಳಿದ ಕಡೆ ಈ ಆಟದ ನಿಯಮ ಕಾಯುವವರು ಬಹುಪಾಲು ಪುಗಸಟ್ಟೆ ಜನ.

“ಸಂಬಳ ಇಲ್ವಾ?”

“ಇಲ್ಲ.”

“ಟಿಎ ಡಿಎ?”

“ಒಂದು ಟೋಪಿ, ಒಂದು ವಾಕಿಟಾಕಿ, ಮಧ್ಯಾಹ್ನಕ್ಕೆ ಊಟ.”

ಮೇಷ್ಟ್ರ ಮುಖ ಅರಳಿತು. ಸಂಬಳ ಇಲ್ಲ ಅಂದರೆ ಸಸ್ಪೆಂಡ್ ಇಲ್ಲ, ವರ್ಗಾವಣೆ ಇಲ್ಲ, ಲೋಕಾಯುಕ್ತ ಇಲ್ಲ, ಚುನಾವಣೆ ಡ್ಯೂಟಿ ಇಲ್ಲ. ಸಂಬಳವಿಲ್ಲದ ಅಧಿಕಾರವನ್ನು ಕಿತ್ತುಕೊಳ್ಳುವ ಉಪಾಯ ಯಾವ ಸರ್ಕಾರಕ್ಕೂ ಇನ್ನೂ ಹೊಳೆದಿಲ್ಲ. ಗಣಪತಿ ಸಮಿತಿಯಿಂದ ಹಿಡಿದು ಸಹಕಾರ ಸಂಘದವರೆಗೆ ಊರಿನ ‘ಗೌರವ’ ಹುದ್ದೆಗಳಿಗೆ ಅಷ್ಟೊಂದು ಕಿತ್ತಾಟ ನಡೆಯುವುದು ಸುಮ್ಮನೆ ಅಲ್ಲ.

“ವಿಸಿಲ್ಲು?”

“ಗಾಲ್ಫಿನಲ್ಲಿ ವಿಸಿಲ್ ಇಲ್ಲ ಮೇಷ್ಟ್ರೇ.”

ಮುಖ ಅಷ್ಟೇ ಬೇಗ ಬಾಡಿತು. ಆದರೂ ಪುಸ್ತಕ ತರಿಸಿದರು. 1744ರಲ್ಲಿ ಎಡಿನ್‌ಬರೋ ಪಕ್ಕದ ಲೀತ್ ಎಂಬಲ್ಲಿ ಕೆಲವು ದೊಡ್ಡಮನುಷ್ಯರು ಪಂದ್ಯ ಆಡಲು ಬರೆದುಕೊಂಡದ್ದು 13 ನಿಯಮ. ಬೆಳೆದು ಬೆಳೆದು ಅವು 34 ಆದವು. ಜನರಿಗೆ ಅರ್ಥವಾಗಲಿ ಎಂದು 2019ರಲ್ಲಿ ಸರಳಗೊಳಿಸಿ 24ಕ್ಕೆ ಇಳಿಸಿದರು. ಸರಳಗೊಳಿಸಿದ್ದನ್ನು ವಿವರಿಸಲು ನಿರ್ಣಾಯಕರಿಗಾಗಿಯೇ ಒಂದು ದಪ್ಪ ಕೈಪಿಡಿ ಬಂತು. ಸ್ಕಾಟ್ಲೆಂಡಿನವರಿಗೂ ನಮ್ಮ ಕಂದಾಯ ಇಲಾಖೆಗೂ ಇಷ್ಟು ಹತ್ತಿರದ ನೆಂಟಸ್ತಿಕೆ ಇರಬಹುದೆಂದು ಮೇಷ್ಟ್ರು ಊಹಿಸಿರಲಿಲ್ಲ.

ಓದುತ್ತ ಹೋದಂತೆ ಅವರ ಉತ್ಸಾಹ ಹೆಚ್ಚಿತು, ಯಾಕೆಂದರೆ ಪುಸ್ತಕದ ಅರ್ಧ ಭಾಗ ನಮ್ಮ ತಾಲೂಕನ್ನು ನೋಡಿಯೇ ಬರೆದಂತಿದೆ. ಚೆಂಡಿನ ಪಕ್ಕ ಸಗಣಿ ಬಿದ್ದಿದ್ದರೆ ದಂಡವಿಲ್ಲದೆ ತೆಗೆದು ಆಡಬಹುದು. ಅದು ಒಣಗಿದ ಎಲೆ, ಕಡ್ಡಿ, ಕಲ್ಲುಗಳ ಲೆಕ್ಕಕ್ಕೆ ಸೇರುತ್ತದೆ. ಪ್ರಾಣಿ ತೋಡಿದ ಬಿಲದಲ್ಲಿ ಚೆಂಡು ಬಿದ್ದರೆ ಪುಕ್ಕಟೆ ಪರಿಹಾರ. ಚೆಂಡಿನ ಹತ್ತಿರ ವಿಷದ ಹಾವಿದ್ದರೂ ಪುಕ್ಕಟೆ ಪರಿಹಾರ, ಕಚ್ಚಿಸಿಕೊಂಡು ಆಡಬೇಕಾಗಿಲ್ಲ. ಆದರೆ ಪಾಪಾಸುಕಳ್ಳಿಯೊಳಗೆ ಚೆಂಡು ಹೋಯಿತೋ, ಪರಿಹಾರ ಇಲ್ಲ. ಮುಳ್ಳು ಚುಚ್ಚುವುದು ನಿಮ್ಮ ಕರ್ಮ. ಇರುವೆಗಳ ಗೂಡನ್ನು ಕೆಡವಿ ಆಡಬಹುದು ಎಂದೂ ಇದೆ. ಇಲ್ಲಿ ಮೇಷ್ಟ್ರು ಪುಸ್ತಕದ ಅಂಚಿನಲ್ಲಿ ಪ್ರಶ್ನಾರ್ಥಕ ಹಾಕಿದ್ದಾರೆ. ಮಣ್ಣಿನ ಗುಡ್ಡೆ ಕಂಡಕಂಡಲ್ಲಿ ಕೋಲಿನಿಂದ ಕೆದಕಿ, ಅದು ಹುತ್ತವೆಂದು ಆಮೇಲೆ ಗೊತ್ತಾದರೆ? ಸೇಂಟ್ ಆಂಡ್ರೂಸಿನವರು ದಂಡವಿಲ್ಲ ಎಂದರೂ ಕುಕ್ಕೆಯಲ್ಲಿ ಆಶ್ಲೇಷ ಬಲಿ ತಪ್ಪಿದ್ದಲ್ಲ, ಅದರ ಖರ್ಚನ್ನು ಯಾವ ಗಾಲ್ಫ್ ಯೂನಿಯನ್ ಕೊಡುತ್ತದೆ?

ಮಂಗನ ವಿಷಯದಲ್ಲಿ ಮಾತ್ರ ಅವರ ನ್ಯಾಯ ನಮ್ಮದಕ್ಕಿಂತ ದೊಡ್ಡದು. ನಿಂತ ಚೆಂಡನ್ನು ಮಂಗ ಎತ್ತಿಕೊಂಡು ಹೋದರೆ, ಮೊದಲಿದ್ದ ಜಾಗದಲ್ಲೇ ಇನ್ನೊಂದು ಚೆಂಡಿಟ್ಟು ಆಡಿ, ದಂಡವಿಲ್ಲ. ಬಾಳೆಗೊನೆ, ಏಲಕ್ಕಿ, ಎಳೆ ಅಡಿಕೆ ಕಳೆದುಕೊಂಡ ನಮ್ಮ ರೈತನಿಗೆ ಇದರ ನೂರರಲ್ಲೊಂದು ಪಾಲು ಕರುಣೆ ಯಾವ ಕಾನೂನಿನಲ್ಲೂ ಬರೆದಿಲ್ಲ. ಯುದ್ಧ ಬಂದರೂ ಅವರು ನಿಯಮ ಬಿಟ್ಟವರಲ್ಲ. 1940ರಲ್ಲಿ ಜರ್ಮನಿಯ ವಿಮಾನಗಳು ಬಾಂಬು ಸುರಿಸುತ್ತಿದ್ದಾಗ ಲಂಡನ್ ಹೊರವಲಯದ ರಿಚ್ಮಂಡ್ ಕ್ಲಬ್ಬಿನವರು ತಾತ್ಕಾಲಿಕ ನಿಯಮ ಹೊರಡಿಸಿದರು. ಬಾಂಬು ಬೀಳುವಾಗ ಅಡಗಿಕೊಂಡರೆ ದಂಡವಿಲ್ಲ. ಆದರೆ ಹೊಡೆಯುವ ಕ್ಷಣಕ್ಕೇ ಬಾಂಬು ಸಿಡಿದು ಹೊಡೆತ ತಪ್ಪಿದರೆ ಇನ್ನೊಂದು ಚೆಂಡು ಹೊಡೆಯಬಹುದು, ಒಂದು ಹೊಡೆತ ದಂಡ. ಹಿಟ್ಲರನೇ ಅಡ್ಡ ಬಂದರೂ ಲೆಕ್ಕ ಲೆಕ್ಕವೇ. ಮೇಷ್ಟ್ರು ಇದನ್ನು ಓದಿ ಕಣ್ಣು ಒದ್ದೆ ಮಾಡಿಕೊಂಡರು. ತಾವು ಊದಿದ ಪಂದ್ಯಗಳು ಕರೆಂಟ್ ಹೋದರೆ ಸಾಕು, ಹೊಡೆದಾಟದಲ್ಲಿ ಮುಗಿಯುತ್ತಿದ್ದವು.

ಹಾಗೆಂದು ದೊಡ್ಡವರಿಗೊಂದು ಸಣ್ಣವರಿಗೊಂದು ಅಲ್ಲಿ ಇಲ್ಲ ಅಂತಲ್ಲ. 1999ರಲ್ಲಿ ಅಮೆರಿಕದ ಫೀನಿಕ್ಸ್ ಓಪನ್ನಿನಲ್ಲಿ ಟೈಗರ್ ವುಡ್ಸ್ ಹೊಡೆದ ಚೆಂಡು ಒಂದು ಬಂಡೆಯ ಹಿಂದೆ ನಿಂತಿತು. ಬಂಡೆ ಅಂದರೆ ಬಂಡೆಯೇ, ಒಬ್ಬಿಬ್ಬರಿಂದ ಅಲುಗುವಂಥದ್ದಲ್ಲ. ನೆಲಕ್ಕೆ ಅಂಟಿಕೊಂಡಿಲ್ಲವಾದ್ದರಿಂದ ಇದು ಬಿಡಿ ಕಲ್ಲು, ತೆಗೆಯಬಹುದು ಎಂದು ನಿರ್ಣಾಯಕರು ಹೇಳಿದರು. ನೋಡಲು ಬಂದಿದ್ದ ಅಭಿಮಾನಿಗಳು ಹತ್ತಾರು ಕೈ ಸೇರಿಸಿ ಬಂಡೆಯನ್ನು ಉರುಳಿಸಿದರು. ನಿಯಮದ ಪ್ರಕಾರ ಪೂರ್ತಿ ಸರಿ. ನಮ್ಮ ಕಡೆಯೂ ದೊಡ್ಡವರ ಹಿಂದೆ ಬೇಕಾದಷ್ಟು ಕೈಗಳಿವೆ, ಕ್ವಾರಿಗೆ ಕ್ವಾರಿಯೇ ಬಿಡಿ ಕಲ್ಲಾಗಿ ರಾತ್ರೋರಾತ್ರಿ ಉರುಳಿ ಹೋದದ್ದುಂಟು. ಒಬ್ಬಂಟಿ ಆಟಗಾರನಿಗೆ ಅದೇ ಬಂಡೆ ಬಂಡೆಯಾಗಿಯೇ ಉಳಿಯುತ್ತಿತ್ತು ಎಂಬುದನ್ನು ಪುಸ್ತಕ ಹೇಳುವುದಿಲ್ಲ.

ಗಡಿಯ ಅಧ್ಯಾಯ ಬಂದಾಗ ಮೇಷ್ಟ್ರು ನನ್ನನ್ನು ಕರೆಸಿದರು. ಗಾಲ್ಫ್ ಮೈದಾನದ ಎಲ್ಲೆಗೆ ಬಿಳಿ ಗೂಟ ನೆಟ್ಟಿರುತ್ತಾರೆ. ಹೊಡೆತಕ್ಕೆ ಅಡ್ಡ ಬಂತೆಂದು ಆ ಗೂಟ ಕಿತ್ತು ಆಡಿದರೆ ಎರಡು ಹೊಡೆತ ದಂಡ. ಆದರೆ ಹೊಡೆಯುವ ಮುನ್ನ ಮನಸ್ಸು ಬದಲಾಗಿ ಮತ್ತೆ ಅಲ್ಲೇ ನೆಟ್ಟರೆ ದಂಡ ಮಾಫಿ.

“ಕಿತ್ತೋನು ಮತ್ತೆ ಅಲ್ಲೇ ನೆಡ್ತಾನೇನ್ರೀ?” ಅಂದರು ಮೇಷ್ಟ್ರು.

ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಬಾಂದಕಲ್ಲುಗಳು ರಾತ್ರಿ ಹೊತ್ತು ನಡೆದಾಡುತ್ತವೆ, ಮಳೆಗಾಲದಲ್ಲಿ ಇನ್ನಷ್ಟು ಚುರುಕಾಗುತ್ತವೆ. ವಾಪಸು ಬಂದವು ಕಡಿಮೆ, ಬಂದರೂ ನಾಲ್ಕು ಮಾರು ಆಚೆಗೆ ನಿಲ್ಲುತ್ತವೆ. ಇನ್ನು ಬಗರ್ ಹುಕುಂ ಇದೆ. ನಮೂನೆ 50ರಲ್ಲಿ ಅಜ್ಜ ಅರ್ಜಿ ಹಾಕಿದ, 53ರಲ್ಲಿ ಅಪ್ಪ ಹಾಕಿದ, 57ರಲ್ಲಿ ಮಗ ಹಾಕಿ ಕಾಯುತ್ತಿದ್ದಾನೆ. ಗಾಲ್ಫಿನಲ್ಲಿ ಕಾಣೆಯಾದ ಚೆಂಡನ್ನು ಹುಡುಕಲು ಮೊದಲು 5 ನಿಮಿಷ ಕೊಡುತ್ತಿದ್ದರು, 2019ರಿಂದ 3 ನಿಮಿಷ. ಅಷ್ಟರಲ್ಲಿ ಸಿಗದಿದ್ದರೆ ಕಳೆದುಹೋಯಿತು ಎಂದು ಘೋಷಿಸಿ, ಒಂದು ಹೊಡೆತ ದಂಡ ಹಾಕಿ, ಹೊಡೆದ ಜಾಗಕ್ಕೇ ವಾಪಸು ಕಳಿಸುತ್ತಾರೆ. ಈ ನಿಯಮದಲ್ಲಿ ಅಂತಃಕರಣವಿಲ್ಲ. ನಮ್ಮ ಕಚೇರಿಗಳಲ್ಲಿ ಮೂರು ತಲೆಮಾರಾದರೂ ಯಾವ ಕಡತವನ್ನೂ ಕಳೆದುಹೋಯಿತು ಎನ್ನುವುದಿಲ್ಲ. “ಹುಡುಕ್ತಾ ಇದೀವಿ, ಮುಂದಿನ ವಾರ ಬನ್ನಿ” ಎನ್ನುತ್ತಾರೆ. ಅರ್ಜಿದಾರ ಕಳೆದುಹೋಗುತ್ತಾನೆ, ಕಡತ ಹೋಗುವುದಿಲ್ಲ.

ಗಡಿ ದಾಟಿದವರ ಬಗ್ಗೆ ನಮ್ಮ ಎರಡು ತಾಲೂಕುಗಳೂ ಯಾವತ್ತೂ ಕಠಿಣವಾಗಿಲ್ಲ. 1967ರಿಂದ 1994ರ ಚುನಾವಣೆವರೆಗೂ ಸೊರಬದವರು ಬಂಗಾರಪ್ಪನವರನ್ನು ಗೆಲ್ಲಿಸುತ್ತಲೇ ಬಂದರು. ಅವರು ಪಕ್ಷ ಬದಲಿಸಿದಾಗೆಲ್ಲ ಜನ ಗೂಟವನ್ನೇ ಕಿತ್ತು ಅವರ ಹೊಸ ಪಕ್ಷದಾಚೆಗೆ ನೆಟ್ಟು, ಚೆಂಡು ಒಳಗೇ ಇದೆ ಎಂದು ತೀರ್ಪು ಕೊಟ್ಟರು. ಶಿಕಾರಿಪುರದವರು 1983ರಿಂದ ಯಡಿಯೂರಪ್ಪನವರ ಕೈ ಹಿಡಿದವರು. 1999ರಲ್ಲಿ ಒಂದು ಸಲ ಮಾತ್ರ ದಂಡ ಹಾಕಿದ್ದಾರೆ. 2013ರಲ್ಲಿ ಅವರು ಕೆಜೆಪಿ ಕಟ್ಟಿಕೊಂಡು ನಿಂತಾಗಲೂ ಅದೇ ಗೂಟ ಕೀಳುವ ಕೆಲಸ ಮಾಡಿ ಗೆಲ್ಲಿಸಿದರು. ಬಂಗಾರಪ್ಪನವರ ಇಬ್ಬರು ಮಕ್ಕಳು 2013, 2018, 2023ರಲ್ಲಿ ಎದುರುಬದುರು ನಿಂತಾಗ ಸೊರಬದ ಮನೆಮನೆಯಲ್ಲೂ ಇಬ್ಬರು ಮೂವರು ನಿರ್ಣಾಯಕರು ಹುಟ್ಟಿಕೊಂಡಿದ್ದರು. ಆ ಅನುಭವವೊಂದೇ ಸಾಕು, ಎರಡನೇ ಹಂತದ ಪರೀಕ್ಷೆಯಿಂದ ವಿನಾಯಿತಿ ಕೊಡಬಹುದು.

ಈ ನೆಲದಲ್ಲಿ ನಿರ್ಣಾಯಕರಾಗುವುದು ಸಲೀಸಲ್ಲ ಎಂದು ಇತಿಹಾಸವೂ ಎಚ್ಚರಿಸಿದೆ. ಶಿಕಾರಿಪುರ ತಾಲೂಕಿನ ತಾಳಗುಂದದ ಸ್ತಂಭಶಾಸನ ಏನು ಹೇಳುತ್ತದೆ? ನಮ್ಮ ಮಯೂರಶರ್ಮ ಗುರುವಿನ ಜೊತೆ ಕಂಚಿಗೆ ಓದಲು ಹೋದ, ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಯಿತು, ಅವಮಾನ ತಡೆಯಲಾರದೆ ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ, ಕದಂಬ ರಾಜ್ಯ ಹುಟ್ಟಿತು. ಒಬ್ಬ ಸವಾರನ ಜೊತೆಗಿನ ತಕರಾರು ಇಲ್ಲಿಯವರನ್ನು ರಾಜ್ಯ ಕಟ್ಟುವವರೆಗೆ ಒಯ್ದಿದೆ. ನಾಳೆ ಯಾರಿಗೋ ಎರಡು ಹೊಡೆತ ದಂಡ ಹಾಕುವಾಗ ಮೇಷ್ಟ್ರು ಇದನ್ನು ನೆನಪಿನಲ್ಲಿಡಬೇಕು.

ದೂರದ ಮಾತೇಕೆ, ದೀಪಾವಳಿ ಮುಗಿದ ಮೇಲೆ ಹೋರಿ ಹಬ್ಬಗಳಿಗೆ ಬನ್ನಿ. ಸಂಬಳವಿಲ್ಲದ ನಿರ್ಣಾಯಕರ ನಿಜವಾದ ವಿಶ್ವವಿದ್ಯಾಲಯ ಅದು. ಕೊರಳ ತುಂಬ ಕೊಬ್ಬರಿ ಹಾರ, ಬಲೂನು ಕಟ್ಟಿದ ಪೀಪಿ ಹೊತ್ತ ಹೋರಿ ಅಖಾಡಕ್ಕೆ ನುಗ್ಗುತ್ತದೆ. ಎರಡೂ ಕಡೆ ಕಿಕ್ಕಿರಿದ ಹುಡುಗರು ಅದಕ್ಕೆ ನೇತುಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಹರಿಯಗೊಡದೆ ದಾಟಿದ ಹೋರಿಗೆ ಬೈಕು, ಬಂಗಾರ, ಫ್ರಿಜ್ಜು. ಹರಿಯಿತೋ ಇಲ್ಲವೋ ಎಂದು ಹೇಳುವವರು ಮೈಕ್ ಹಿಡಿದು ಅಟ್ಟದ ಮೇಲೆ ಕೂತ ಸಮಿತಿಯವರು. ಕರಪತ್ರದ ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ನಿರ್ಣಾಯಕರ ತೀರ್ಮಾನವೇ ಅಂತಿಮ. ಗಾಲ್ಫಿನಲ್ಲೂ ಇದೇ ಕಾನೂನು, ನಿರ್ಣಾಯಕ ಒಮ್ಮೆ ಹೇಳಿದ ಮೇಲೆ ಆಟಗಾರನಿಗೆ ಮೇಲ್ಮನವಿ ಇಲ್ಲ. ವ್ಯತ್ಯಾಸ ಏನೆಂದರೆ ಅಲ್ಲಿ ಆ ಸಾಲನ್ನು ಓದುತ್ತಾರೆ. ನಮ್ಮಲ್ಲಿ ತೀರ್ಮಾನ ಹೊರಬಿದ್ದ ಕ್ಷಣವೇ ವಿಚಾರಣೆ ಶುರು. ಹೋರಿ ಮಾಲೀಕನ ಕಡೆಯ ಐವತ್ತು ಜನ ಒಂದೇ ಬಣ್ಣದ ಟೀ ಶರ್ಟಿನಲ್ಲಿ ಅಟ್ಟ ಹತ್ತುತ್ತಾರೆ, ಮೊಬೈಲಿನಲ್ಲಿ ಹಿಡಿದ ವಿಡಿಯೊ ತೋರಿಸುತ್ತಾರೆ, ಎದುರು ಪಾರ್ಟಿಯವರು ಇನ್ನೊಂದು ಕೋನದ ವಿಡಿಯೊ ತೋರಿಸುತ್ತಾರೆ. ಅಷ್ಟು ಹೊತ್ತಿಗೆ ಹೋರಿ ಮನೆ ಸೇರಿ ಹುಲ್ಲು ತಿನ್ನುತ್ತಿರುತ್ತದೆ. ಇಡೀ ಜಾತ್ರೆಯಲ್ಲಿ ತೀರ್ಪಿನ ಗೊಡವೆಯಿಲ್ಲದ ಜೀವ ಅದೊಂದೇ.

2014ರಲ್ಲಿ ಸುಪ್ರೀಂ ಕೋರ್ಟು ಇಂಥ ಆಟಗಳು ಬೇಡ ಎಂದಿತು. ರಾಜ್ಯಗಳು ಕಾನೂನಿಗೆ ತಿದ್ದುಪಡಿ ತಂದವು. 2023ರ ಮೇ ತಿಂಗಳಲ್ಲಿ ಅದೇ ಕೋರ್ಟಿನ ಸಂವಿಧಾನ ಪೀಠ ಜಲ್ಲಿಕಟ್ಟು, ಕಂಬಳಗಳ ಆ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ನಿಯಮ ಪಾಲಿಸಬೇಕು ಎಂಬ ಷರತ್ತೂ ಅದರೊಟ್ಟಿಗೇ ಇದೆ, ಅಷ್ಟು ದೂರ ಓದುವ ವ್ಯವಧಾನ ಯಾರಿಗಿದೆ? ಗಾಲ್ಫಿನಲ್ಲಿ ಅಪಾಯಕಾರಿ ಪ್ರಾಣಿ ಎದುರಾದರೆ ಆಟಗಾರನಿಗೆ ಪುಕ್ಕಟೆ ಪರಿಹಾರ. ನಮ್ಮಲ್ಲಿ ಆ ಪ್ರಾಣಿ ಎದುರಾಗುವುದೇ ಆಟ. ಬೇಲಿ ಸರಿಯಿಲ್ಲದೆ, ಆಂಬುಲೆನ್ಸ್ ಇಲ್ಲದೆ, ಬರೀ ನೋಡಲು ಹೋದವರು ಹೋರಿ ತಿವಿದು ಸತ್ತಿದ್ದಾರೆ. ಹಬ್ಬದ ಹಿಂದಿನ ದಿನ ಕರಪತ್ರದಲ್ಲಿ ಅಧ್ಯಕ್ಷರು, ಗೌರವಾಧ್ಯಕ್ಷರು, ಉಪಾಧ್ಯಕ್ಷರು, ನಿರ್ಣಾಯಕರು, ಸರ್ವಸದಸ್ಯರು ಎಂದು ಫೋಟೊ ಸಮೇತ ಅರವತ್ತು ಹೆಸರು. ಹೆಣ ಬಿದ್ದ ಮೇಲೆ ಪೊಲೀಸರು ಬಂದು ಸಮಿತಿ ಯಾರದು ಎಂದರೆ “ಊರವರು ಸೇರಿ ಮಾಡಿದ್ದು ಸಾರ್”. ಅಂತಿಮ ತೀರ್ಮಾನ ಕೊಡುತ್ತಿದ್ದ ಮೈಕು ಬಾಡಿಗೆಯವನ ಗಾಡಿ ಹತ್ತಿರುತ್ತದೆ.

ಟೀವಿ ನೋಡಿ ತೀರ್ಪು ಕೊಡುವ ಅವಕಾಶವೂ ಗಾಲ್ಫಿನಲ್ಲಿ ಒಂದು ಕಾಲಕ್ಕೆ ಇತ್ತು ಎಂದು ತಿಳಿದಾಗ ಮೇಷ್ಟ್ರು ಹಣೆ ಹಣೆ ಬಡಿದುಕೊಂಡರು. 1987ರಲ್ಲಿ ಕ್ರೇಗ್ ಸ್ಟಾಡ್ಲರ್ ಎಂಬ ಆಟಗಾರ ಸ್ಯಾನ್ ಡಿಯಾಗೊದಲ್ಲಿ ಮರದ ಕೆಳಗಿನ ಚೆಂಡನ್ನು ಮಂಡಿಯೂರಿ ಹೊಡೆದ. ಪ್ಯಾಂಟು ಕೊಳೆಯಾಗದಿರಲೆಂದು ಮಂಡಿಗೆ ಟವೆಲ್ ಹಾಸಿಕೊಂಡಿದ್ದ. ಮನೆಯಲ್ಲಿ ಕೂತು ಟೀವಿ ನೋಡುತ್ತಿದ್ದವರು ಫೋನ್ ಮಾಡಿ, ಅದು ನಿಲುವಿಗೆ ಆಸರೆ ಕಟ್ಟಿಕೊಂಡಂತೆ ಎಂದರು. ಅವನು ಅನರ್ಹನಾದ. 2017ರಲ್ಲಿ ಲೆಕ್ಸಿ ಥಾಂಪ್ಸನ್ ಎಂಬ ಆಟಗಾರ್ತಿ ಗೆಲ್ಲುವ ಹೊತ್ತಿಗೆ ಯಾರೋ ವೀಕ್ಷಕರು ಹಿಂದಿನ ದಿನದ ತಪ್ಪಿನ ಬಗ್ಗೆ ಇಮೇಲ್ ಕಳಿಸಿ ನಾಲ್ಕು ಹೊಡೆತ ದಂಡ ಬಿದ್ದಿತು, ಪ್ರಶಸ್ತಿ ಕೈತಪ್ಪಿತು. ಗಲಾಟೆಯಾಗಿ 2018ರ ಜನವರಿಯಿಂದ ಇಂಥ ದೂರುಗಳನ್ನು ಸ್ವೀಕರಿಸುವುದನ್ನೇ ನಿಲ್ಲಿಸಿದರು. ಮನೆಯ ಸೋಫಾದಿಂದಲೇ, ಲುಂಗಿಯಲ್ಲೇ ಮಾಡಬಹುದಾಗಿದ್ದ ಜಾಗತಿಕ ನೌಕರಿಯೊಂದು ಶಿಕಾರಿಪುರಕ್ಕೆ ಸುದ್ದಿ ಮುಟ್ಟುವ ಮೊದಲೇ ರದ್ದಾಯಿತು.

ಆದರೆ ಮೇಷ್ಟ್ರಿಗೆ ನಿಜವಾದ ಪೆಟ್ಟು ಬಿದ್ದದ್ದು ಬಾಬಿ ಜೋನ್ಸ್ ಕತೆ ಓದಿದಾಗ. 1925ರ ಅಮೆರಿಕನ್ ಓಪನ್. ಹುಲ್ಲಿನಲ್ಲಿದ್ದ ಚೆಂಡು ಕೋಲು ಇಡುವಾಗ ಕೂದಲೆಳೆಯಷ್ಟು ಅಲುಗಿತು ಎಂದು ಜೋನ್ಸ್ ತಾನೇ ಹೇಳಿದ. ನಿರ್ಣಾಯಕರು ನೋಡಿರಲಿಲ್ಲ, ಜನ ನೋಡಿರಲಿಲ್ಲ, ಯಾರೂ ಕೇಳಲೂ ಇಲ್ಲ. ಆದರೂ ತನಗೆ ತಾನೇ ಒಂದು ಹೊಡೆತ ದಂಡ ಹಾಕಿಕೊಂಡ. ಅದೊಂದು ಹೊಡೆತದಿಂದ ಪಂದ್ಯ ಸಮವಾಗಿ, ಮರುಪಂದ್ಯದಲ್ಲಿ ವಿಲ್ಲಿ ಮ್ಯಾಕ್‌ಫರ್ಲೇನ್ ಎಂಬವನ ಎದುರು ಸೋತ.

“ಕುಡಿದಿದ್ನಾ?” ಮೇಷ್ಟ್ರು ಕೇಳಿದರು.

“ಇಲ್ಲ.”

“ಹಂಗಾದ್ರೆ ರೆಫ್ರಿ ಯಾಕ್ರೀ ಬೇಕು?”

ಅವರ ಕಬಡ್ಡಿ ಜೀವನದಲ್ಲಿ “ಸಾರ್, ನನ್ನ ಕಾಲು ಗೆರೆ ದಾಟಿತ್ತು” ಎಂದು ಕೈ ಎತ್ತಿ ಹೊರಗೆ ನಡೆದವನು ಒಬ್ಬನೂ ಇಲ್ಲ. ಗೆರೆಯನ್ನೇ ಕಾಲಲ್ಲಿ ಅಳಿಸಿ “ಎಲ್ಲಿದೆ ಗೆರೆ?” ಎಂದವರು ಬೇಕಾದಷ್ಟು. ಅವರಲ್ಲಿ ಕೆಲವರು ಆಮೇಲೆ ಪಂಚಾಯಿತಿಗೆ ಆರಿಸಿ ಬಂದರು.

ಅಂಕಪಟ್ಟಿಗೆ ಸಹಿ ಹಾಕುವ ವಿಚಾರವೂ ಹಾಗೇ. ಗಾಲ್ಫಿನಲ್ಲಿ ನಿಮ್ಮ ಅಂಕವನ್ನು ಜೊತೆಗಾರ ಬರೆಯುತ್ತಾನೆ, ಸರಿಯಿದೆಯೆಂದು ನೋಡಿ ನೀವು ಸಹಿ ಹಾಕಬೇಕು. 1968ರ ಮಾಸ್ಟರ್ಸ್ ಟೂರ್ನಿಯಲ್ಲಿ ಅರ್ಜೆಂಟೀನಾದ ರೊಬೆರ್ತೊ ದೆ ವಿಚೆಂಜೊ 3 ಹೊಡೆತದಲ್ಲಿ ಮುಗಿಸಿದ್ದನ್ನು ಜೊತೆಗಾರ 4 ಎಂದು ಬರೆದ. ಇವನು ನೋಡದೆ ಸಹಿ ಹಾಕಿದ. ಲಕ್ಷಾಂತರ ಜನ ಟೀವಿಯಲ್ಲಿ 3 ಎಂದು ಕಂಡಿದ್ದರೂ ಸಹಿ ಬಿದ್ದ 4 ಖಾಯಂ ಆಯಿತು, ಮರುಪಂದ್ಯದ ಅವಕಾಶ ಹೋಯಿತು. ಅವತ್ತು ಅವನ ಹುಟ್ಟುಹಬ್ಬ ಬೇರೆ. ನಮ್ಮ ಗ್ರಾಮಸಭೆಗಳ ನಡಾವಳಿ ಪುಸ್ತಕಕ್ಕೆ ಈ ಕಾನೂನು ಬಂದರೆ? ಖಾಲಿ ಹಾಳೆಗೆ ಮೊದಲೇ ಸಹಿ ಮಾಡಿಸಿಕೊಂಡು ಆಮೇಲೆ ಠರಾವು ಬರೆಯುವ ನಮ್ಮ ಪದ್ಧತಿಯಲ್ಲಿ ಮೂರು ನಾಲ್ಕಾಗುವುದಿಲ್ಲ. ಮೂರು ಲಕ್ಷ ಮೂವತ್ತು ಲಕ್ಷವಾಗುತ್ತದೆ, ಸಹಿ ಹಾಕಿದವರು ಮಾತ್ರ ಸದಾ ಅನಕ್ಷರಸ್ಥರು.

ಇಷ್ಟಾದರೂ ಪರೀಕ್ಷೆಗೆ ಕೂತೇ ಸಿದ್ಧ ಎನ್ನುತ್ತಿದ್ದ ಮೇಷ್ಟ್ರು ನಿಯಮ 1.3ಕ್ಕೆ ಬಂದು ನಿಂತರು. ಅಲ್ಲೊಂದು ಸಾಲಿದೆ. ಒಂದು ನಿಯಮ ಅಥವಾ ದಂಡ ಅನ್ವಯವಾಗುತ್ತದೆ ಎಂದು ಗೊತ್ತಿದ್ದೂ ಅದನ್ನು ಬಿಟ್ಟುಬಿಡೋಣ ಎಂದು ಆಟಗಾರರು ತಮ್ಮತಮ್ಮಲ್ಲಿ ಒಪ್ಪಿಕೊಂಡರೆ, ಒಪ್ಪಿಕೊಂಡವರೆಲ್ಲರೂ ಅನರ್ಹರು. ತಪ್ಪು ಮಾಡಿದವನಿಗೆ ಒಂದೋ ಎರಡೋ ಹೊಡೆತ ದಂಡ. ‘ಇರಲಿ ಬಿಡು, ನಿನ್ನದು ನಾನು ನೋಡಿಲ್ಲ, ನನ್ನದು ನೀನು ನೋಡಿಲ್ಲ’ ಎಂದವರಿಗೆ ಮನೆಗೇ ದಾರಿ. ತಪ್ಪಿಗಿಂತ ಹೊಂದಾಣಿಕೆಗೆ ಹೆಚ್ಚು ಶಿಕ್ಷೆ ಕೊಡುವ ಕಾನೂನನ್ನು ಮೇಷ್ಟ್ರು ಜೀವಮಾನದಲ್ಲಿ ಕಂಡಿರಲಿಲ್ಲ.

“ಇದು ಇಲ್ಲಿ ಬಂದ್ರೆ ತಾಲೂಕಲ್ಲಿ ಯಾರು ಉಳೀತಾರ್ರೀ?” ಅಂದರು.

ಇಬ್ಬರೂ ಲೆಕ್ಕ ಹಾಕಿದೆವು. ಕಾಮಗಾರಿ ಮಾಡಿದವ, ಅಳತೆ ಬರೆದವ, ಬಿಲ್ಲು ಪಾಸು ಮಾಡಿದವ, ಅದನ್ನು ಕಂಡೂ ಗ್ರಾಮಸಭೆಯಲ್ಲಿ ಚಾ ಕುಡಿದು ಬಂದ ನಾವು. ಮರಳಿನ ಟ್ರ್ಯಾಕ್ಟರ್ ಓಡಿಸಿದವ, ಅದಕ್ಕೆ ಕೈ ಅಡ್ಡ ಹಿಡಿದು ಆಮೇಲೆ ಕೈ ಬಿಟ್ಟವ, ಅದೇ ಮರಳಿನಲ್ಲಿ ಮನೆ ಕಟ್ಟಿಕೊಂಡವ. ಆಡಳಿತ ಪಕ್ಷದವರು, ಅವರ ಮೇಲೆ ದಾಖಲೆ ಬಿಡುಗಡೆ ಮಾಡುತ್ತೇವೆಂದು ಪ್ರತಿ ತಿಂಗಳೂ ಹೇಳುವ ವಿರೋಧ ಪಕ್ಷದವರು. ಪಟ್ಟಿ ಬೆಳೆಯಿತು. ಕೊನೆಗೆ ಊರ ನೀರಗಂಟಿ ಒಬ್ಬ ಉಳಿದಾನೇನೋ ಎಂದುಕೊಂಡೆವು, ಅಷ್ಟರಲ್ಲಿ ಮೇಷ್ಟ್ರ ಮನೆಗೆ ದಿನಾ ಅರ್ಧ ಗಂಟೆ ಹೆಚ್ಚು ನೀರು ಬರುವುದು ನೆನಪಾಗಿ ಅವರೇ ಮಾತು ಬದಲಿಸಿದರು.

ಆಮೇಲೆ ಓದಿದ್ದು ಇನ್ನೂ ಕಷ್ಟದ್ದು. ಇಬ್ಬರು ಎದುರುಬದುರಾಗಿ ಆಡುವ ‘ಮ್ಯಾಚ್ ಪ್ಲೇ’ ಬಗೆಯಲ್ಲಿ, ಆ ಪಂದ್ಯಕ್ಕೆಂದೇ ನೇಮಕವಾಗದ ನಿರ್ಣಾಯಕ ತಪ್ಪನ್ನು ಕಣ್ಣಾರೆ ಕಂಡರೂ, ಒಂದೆರಡು ವಿನಾಯಿತಿ ಬಿಟ್ಟರೆ, ಆಟಗಾರ ಕೇಳದೆ ಬಾಯಿ ಹಾಕುವಂತಿಲ್ಲ.

“ಕೇಳ್ದೇ ಹೇಳಬಾರ್ದಾ?” ಮೇಷ್ಟ್ರ ದನಿ ನಡುಗಿತು. ಕೇಳಿದವರಿಗೆ ಮಾತ್ರ ಹೇಳುವುದಾದರೆ ಈ ಎರಡು ತಾಲೂಕುಗಳಲ್ಲಿ ಬದುಕುವುದು ಹೇಗೆ?

ಪುಸ್ತಕ ಮುಚ್ಚಿಟ್ಟರು. ಈಗ ಅವರದು ಬೇರೆ ವಿಚಾರ: ಪರೀಕ್ಷೆ ಬರೆಯದೆ ‘ಗೌರವ ನಿರ್ಣಾಯಕ’ ಅಂತ ಏನಾದರೂ ಕೊಡುತ್ತಾರಾ? ಡಾಕ್ಟರೇಟನ್ನೇ ಹಾಗೆ ಕೊಡುವಾಗ ಇದೇನು ಮಹಾ. ಶಿಷ್ಯರು ಕಾಯಲಿಲ್ಲ. ‘ಅಂತರರಾಷ್ಟ್ರೀಯ ಗಾಲ್ಫ್ ತೀರ್ಪುಗಾರರಾಗಿ ಆಯ್ಕೆಯಾಗಲಿರುವ ನಮ್ಮೂರ ಹೆಮ್ಮೆ’ ಎಂಬ ಫ್ಲೆಕ್ಸ್ ಸರ್ಕಲ್ಲಿನಲ್ಲಿ ಎದ್ದಿದೆ. ಮೇಷ್ಟ್ರ ಫೋಟೊ ಸಣ್ಣದು, ಶುಭಕೋರಿದವರ ಫೋಟೊ ದೊಡ್ಡದು, ಹಿನ್ನೆಲೆಯಲ್ಲಿ ಕ್ರಿಕೆಟ್ ಬ್ಯಾಟು.

ಇಂಡಿಯನ್ ಗಾಲ್ಫ್ ಯೂನಿಯನ್ನಿನವರಲ್ಲಿ ಒಂದು ಅರಿಕೆ. ನಿರ್ಣಾಯಕರ ಕೊರತೆಯಿದ್ದರೆ ಒಂದು ಕಾಗದ ಹಾಕಿ, ಶಿಕಾರಿಪುರ ಸೊರಬಗಳಿಂದ ಬಸ್ಸುಗಟ್ಟಲೆ ಕಳಿಸುತ್ತೇವೆ, ಊಟ ಹಾಕಿದರೆ ಸಾಕು. ತನ್ನ ಹೊಡೆತ ತಾನೇ ಎಣಿಸಿಕೊಳ್ಳುವ ಆಟಗಾರ ಬೇಕಿದ್ದರೆ ಮಾತ್ರ ದಯವಿಟ್ಟು ಬೇರೆ ತಾಲೂಕಿನಲ್ಲಿ ವಿಚಾರಿಸಿ.